ಏಳರ ಸೊಂಟಕ್ಕೊಂದು ಗೆರೆ

ಬೈಗುಳ ಬಂದರೆ ಅದು ನಮಗೇ ಹೌದೋ ಅಲ್ಲವೋ ಎಂದು ಎರಡೆರಡು ಸಲ ವಿಚಾರಿಸುತ್ತೇವೆ. ಹೊಗಳಿಕೆ ಬಂದಾಗ ಯಾರೂ ವಿಚಾರಿಸುವುದಿಲ್ಲ. ನಾನಂತೂ ಇನ್ನೊಬ್ಬರ ಹೊಗಳಿಕೆಯನ್ನು ಎರಡು ವರ್ಷ ತಿಂದು ತೇಗಿದವನು.

ಎಪ್ಪತ್ತರ ದಶಕದ ಮಾತು. ಧಾರವಾಡದಿಂದ ಮುಂಬಯಿಗೆ ಬಂದು, ಫೋರ್ಟಿನ ಒಂದು ಕಂಪನಿಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಷ್ಟೂ ಗಂಡಸರ ನಡುವೆ ಒಬ್ಬರೇ ಹೆಂಗಸು, ವಿಜಾಪುರದ ಕಡೆಯ ಸುಮತಿ ಕಾಂಬಳೆ. ಅವರ ಹುದ್ದೆಯ ಹೆಸರೂ ಡ್ರಾಫ್ಟ್ಸ್‌ಮನ್ನೇ! ನಕ್ಷೆಯ ಮೂಲೆಯಲ್ಲಿ ಬರೆದವರ ಇನಿಷಿಯಲ್ ಮಾತ್ರ ಹಾಕುವುದು ಪದ್ಧತಿ. ನಾನು ಶಂಕರ ಕುಲಕರ್ಣಿ, ಎಸ್.ಕೆ. ಅವರೂ ಎಸ್.ಕೆ. ನನ್ನ ಭಾಗ್ಯದ ಬಾಗಿಲು ತೆರೆದದ್ದು ಇಲ್ಲಿಂದ.

ಬೈಕುಲ್ಲಾದ ನಮ್ಮ ವರ್ಕ್‌ಶಾಪಿಗೆ ಹೋದರೆ ಫೋರ್‌ಮನ್ ಸುಮತಿಬಾಯಿ ಬರೆದ ನಕ್ಷೆ ಹಿಡಿದು ಎದ್ದು ನಿಲ್ಲುತ್ತಿದ್ದ. "ಎಸ್.ಕೆ. ಸಾಬ್, ಕ್ಯಾ ಡ್ರಾಯಿಂಗ್ ಹೈ!" ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ವಿನಯ ನನಗೆ ಚೆನ್ನಾಗಿ ಒಪ್ಪುತ್ತದೆಂದು ಮನೆಯಲ್ಲಿ ಹೆಂಡತಿಗೂ ಹೇಳಿದ್ದೆ.

ಒಂದು ದಿನ ದೊಡ್ಡ ಸಾಹೇಬರ ಹುಕುಂ ಬಂತು: ಸುಮತಿಬಾಯಿ ಇನ್ನು ನಕ್ಷೆ ಬರೆಯಬಾರದು, ಬೇರೆಯವರು ಬರೆದದ್ದನ್ನು ಟ್ರೇಸ್ ಮಾಡಿಕೊಂಡಿರಬೇಕು. ಅವರ ನಕ್ಷೆಯಲ್ಲಿ ಏಳು ಒಂದರಂತೆ ಕಂಡು, ಹದಿನೇಳು ಮಿಲಿಮೀಟರಿನ ಪಿನ್ನುಗಳೆಲ್ಲ ಹನ್ನೊಂದಾಗಿ ತಯಾರಾಗಿದ್ದವಂತೆ. ಆ ನಕ್ಷೆ ನೋಡಿದೆ. ಅಕ್ಷರ ನನ್ನದು! ಸುಮತಿಬಾಯಿ ಏಳು ಬರೆದರೆ ಅದರ ಸೊಂಟಕ್ಕೆ ಡಾಬು ಕಟ್ಟಿದಂತೆ ಅಡ್ಡಗೆರೆ ಎಳೆಯುತ್ತಿದ್ದರು. ಇದರಲ್ಲಿ ಅದಿರಲಿಲ್ಲ. ಫೋರ್‌ಮನ್‌ನನ್ನು ಕೇಳಿದರೆ ಅವನ ಲೆಕ್ಕ ಸರಳವಾಗಿತ್ತು: "ಅಚ್ಛಾವಾಲಾ ಆಪ್‌ಕಾ, ಗಲತ್‌ವಾಲಾ ಬಾಯಿ ಕಾ." ಒಳ್ಳೆಯದೆಲ್ಲ ನನ್ನದು, ತಪ್ಪೆಲ್ಲ ಸುಮತಿಬಾಯಿಯದು!

ಹೆದರುತ್ತಲೇ ಹೋಗಿ ಸಾಹೇಬರಲ್ಲಿ ತಪ್ಪೊಪ್ಪಿಕೊಂಡೆ. ಅವರ ಕಣ್ಣು ತುಂಬಿ ಬಂತು. ಒಬ್ಬ ಹೆಣ್ಣುಮಗಳನ್ನು ಉಳಿಸಲು ಇಷ್ಟು ದೊಡ್ಡ ಸುಳ್ಳು ಹೇಳುವ ಸಜ್ಜನ ನಾನೊಬ್ಬನೇ ಎಂದು ಬೆನ್ನು ತಟ್ಟಿ ಕಳಿಸಿದರು.

ಹೊರಗೆ ಬಂದು ಸುಮತಿಬಾಯಿಗೆ, "ನೀವರ ಒಂದ ಮಾತು ಹೇಳಬಾರದೇನ್ರಿ?" ಎಂದೆ.

"ಹೇಳೀನಲ್ರಿ ಕುಲಕರ್ಣಿಯವರ. ಸಾಹೇಬರಿಗೆ ಎರಡ ಸಲ ಹೇಳೀನಿ, ನಿಮ್ಮ ಮುಂದನ. ನೀವು ಚಹಾ ಕುಡೀಲಿಕ್ಕತ್ತಿದ್ರಿ."

ನನಗೆ ನಾಚಿಕೆಯಾಯಿತು. ಕುಲಕರ್ಣಿ ಎಂಬ ಅಡ್ಡಹೆಸರಾಗಲಿ, ಗಂಡಾಗಿ ಹುಟ್ಟಿದ್ದಾಗಲಿ ನಾನು ದುಡಿದು ಗಳಿಸಿದ್ದಲ್ಲ. ಆದರೂ ದಿನವೂ ಆಫೀಸಿಗೆ ನನಗಿಂತ ಮೊದಲು ಹೋಗಿ ಅವೇ ನನ್ನ ಕೆಲಸ ಮಾಡಿಡುತ್ತಿದ್ದವು.

ಸುಮತಿಬಾಯಿ ತಾವೇ ಒಳಗೆ ಹೋದರು. ತಮ್ಮದೊಂದು, ನನ್ನದೊಂದು ನಕ್ಷೆಯನ್ನು ಸಾಹೇಬರ ಮೇಜಿನ ಮೇಲೆ ಹರಡಿ, ಪೆನ್ಸಿಲ್ಲಿನಿಂದ ಒಂದೊಂದೇ ಏಳನ್ನು ತೋರಿಸಿದರು. ಸಾಹೇಬರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿ ಹುಕುಂ ಹರಿದು ಹಾಕಿದರು. ಸುಮತಿಬಾಯಿ ನೋಡದೆ ನನ್ನ ಒಂದು ನಕ್ಷೆಯೂ ಹೊರಗೆ ಹೋಗಬಾರದೆಂದರು. ಶಿಕ್ಷೆ ಅವರಿಗೋ ನನಗೋ ತಿಳಿಯಲಿಲ್ಲ. ಅವರು ಮಾತ್ರ ಬೇಸರಿಸದೆ ತಿದ್ದಿದರು, ಕಲಿಸಿದರು. ನನ್ನ ಅನ್ನ ಉಳಿದದ್ದು ಅವರಿಂದ. ಆ ಋಣಕ್ಕೆ ಇಂದಿಗೂ ನನ್ನ ಏಳರ ಸೊಂಟಕ್ಕೆ ಗೆರೆಯಿದೆ.

ಇಷ್ಟು ಬರೆದು ಹೆಂಡತಿಗೆ ಓದಿ ತೋರಿಸಿದೆ.

"ಛಲೋ ಬರದೀರಿ," ಎಂದಳು. "ತಪ್ಪು ಒಪ್ಪಿಕೊಂಡಾನ, ಎಷ್ಟ ದೊಡ್ಡ ಮನಸ್ಸು ಅಂತ ಮಂದಿ ನಿಮ್ಮನ್ನ ಹೊಗಳತಾರ ನೋಡ್ರಿ."

ಅಭ್ಯಾಸಬಲ. ವಿನಯದಿಂದ ತಲೆ ತಗ್ಗಿಸಿದೆ.