ಜಗ್ಗಪ್ಪನವರ ಜೋಡಿ ಚೀಲ

"ಈ ಸಲ ಬೆಟ್ಟ ಬೇಕಾದರೆ ಕುಸೀಲಿ, ನನ್ನ ಚೀಲ ಮಾತ್ರ ಕಿತ್ತುಹೋಗಲ್ಲ!"

ಜಗ್ಗಪ್ಪನವರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಲಿಫ್ಟಿನೊಳಗೆ. ಕೇಳಿಸಿಕೊಂಡವರು ಮೂವರೇ: ವಿಜ್ಞಾನದ ಟೀಚರ್ ಆಗಿರುವ ಅವರ ಹೆಂಡತಿ, ಮೂರನೇ ಮಹಡಿಯಲ್ಲಿರುವ ಅವರ ಭಾವಮೈದುನ, ಐದನೇ ಮಹಡಿಯ ಹಲ್ಲಿನ ಡಾಕ್ಟರು. ಆದರೆ ಮೂರು ಸಾವಿರ ಜನರ ಸಭೆಗೆ ಹೇಳುವ ಗತ್ತಿನಲ್ಲೇ ಹೇಳಿದರು.

ಜಗ್ಗಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಟ್ಟಡದವರು ದಯಪಾಲಿಸಿದ್ದು. ಅವರು ಲಿಫ್ಟಿಗೆ ಉಕ್ಕಿನ ಹಗ್ಗ ಮಾಡುವ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥರು. ಪ್ರತಿ ಸುರುಳಿಯಿಂದ ಒಂದು ಮೊಳ ಕತ್ತರಿಸಿ, ಯಂತ್ರಕ್ಕೆ ಸಿಕ್ಕಿಸಿ, ತುಂಡಾಗುವ ತನಕ ಜಗ್ಗುವುದು. ಜಗ್ಗಿದ್ದಕ್ಕೆ ಕೆಂಪು ಚೀಟಿ ಕಟ್ಟಿ ಗುಜರಿಗೆ ಎಸೆಯುವುದು. ಉಳಿದ ಸುರುಳಿಗೆ 'ಪಾಸ್' ಎಂದು ಮುದ್ರೆ ಒತ್ತುವುದು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವರಿಗೆ ಕೈ ಸುಮ್ಮನಿದ್ದೀತೇ? ಕುರ್ಚಿ ಕಂಡರೆ ಅದರ ಬೆನ್ನು ಜಗ್ಗುವರು, ಬಾಗಿಲು ಕಂಡರೆ ಹಿಡಿ ಜಗ್ಗುವರು. ಒಮ್ಮೆ ನೆಂಟರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿ, ತಾವೇ ಕೊಟ್ಟ ಗೊಂಬೆಯ ತೋಳು ಜಗ್ಗಿ, ಕಿತ್ತು ಕೈಗೆ ಬಂದಾಗ "ನಾನು ಅಂದ್ಕೊಂಡೆ, ಹೊಲಿಗೆ ಸಡಿಲ" ಎಂದಿದ್ದರು. ಆ ಮಗು ಈಗಲೂ ಅವರನ್ನು ಕಂಡರೆ ಗೊಂಬೆಗಳನ್ನೆಲ್ಲ ಮಂಚದ ಕೆಳಗೆ ಬಚ್ಚಿಡುತ್ತದೆ.

ಇಂಥವರ ಚೀಲವೇ ಹೋದ ವರ್ಷ ಕೈ ಕೊಟ್ಟಿತ್ತು! ವರ್ಷಕ್ಕೊಮ್ಮೆ ಕಟ್ಟಡದ ಎಂಟು ಮಂದಿ ಸೇರಿ ಬೆಳಗಿನಿಂದ ಸಂಜೆವರೆಗೆ ಬೆಟ್ಟ ಹತ್ತಿ ಇಳಿಯುವುದು ರೂಢಿ. ಎಂಟು ಜನರ ಊಟ ಜಗ್ಗಪ್ಪನವರ ಬೆನ್ನ ಮೇಲಿತ್ತು. ಅರ್ಧ ದಾರಿಯಲ್ಲಿ ಪಟ್ಟಿ ಹರಿದು, ಊಟ ಉರುಳಿ ಉರುಳಿ ಹಳ್ಳ ಸೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಎಂಟು ಮಂದಿ ಒಟ್ಟಿಗೆ, ಖಾಲಿ ಹೊಟ್ಟೆಯಲ್ಲಿ, ಅನುಭವಿಸಿದರು. ಅಂದಿನಿಂದ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಏನ್ ಸಾರ್, ಊಟ ಆಯ್ತಾ?"

ಒಂದು ವರ್ಷ ಈ ಪ್ರಶ್ನೆ ನುಂಗಿಕೊಂಡ ಜಗ್ಗಪ್ಪನವರು ಕೊನೆಗೆ ಬೆಟ್ಟದ ತಂಡದ ಮುಖಂಡರಾದ ಡಾಕ್ಟರ ಬಳಿ ಬೇಡಿಕೊಂಡರು. "ಈ ಸಲಾನೂ ಊಟ ನಾನೇ ಹೊರ್ತೀನಿ. ಒಂದೇ ಒಂದು ಅವಕಾಶ ಕೊಡಿ."

"ಕೊಡೋಣ. ಆದ್ರೆ ಮತ್ತೆ ಹಂಗಾದ್ರೆ, ಮುಂದಿನ ವರ್ಷದಿಂದ ನೀವು ಕೆಳಗೆ ಗಾಡಿ ಕಾಯ್ಕೊಂಡು ಕೂತಿರಿ" ಎಂದರು ಡಾಕ್ಟರು.

ಗಾಡಿ ಕಾಯುವುದು! ಟನ್ನುಗಟ್ಟಲೆ ಭಾರಕ್ಕೆ ಪಾಸ್ ಕೊಡುವ ಕೈಗೆ ಗಾಡಿ ಕಾಯುವ ಕೆಲಸ! ಜಗ್ಗಪ್ಪನವರು ಮರುದಿನವೇ ಅಂಗಡಿಗೆ ನುಗ್ಗಿದರು.

ಅಂಗಡಿಯವನು ಮೊದಲು ತೋರಿಸಿದ ಚೀಲಕ್ಕೆ ಹದಿನಾಲ್ಕು ಜೇಬು, ಒಂದು ಸೀಟಿ, ಬೆಟ್ಟದ ಚಿತ್ರ ಬೇರೆ. "ಚಿತ್ರಕ್ಕೆ ಯಾಕಪ್ಪ ದುಡ್ಡು? ನಾನು ಹೋಗ್ತಿರೋದೇ ನಿಜವಾದ ಬೆಟ್ಟಕ್ಕೆ" ಎಂದು ಪಕ್ಕಕ್ಕಿಟ್ಟರು. ಎರಡನೆಯದರ ಜಿಪ್ಪು ಜಗ್ಗಿದರು, ಕೈಗೆ ಬಂತು. ಮೂರನೆಯದರ ಕೊಂಡಿ ಜಗ್ಗಿದರು, ಅದೂ ಬಂತು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಂಗಡಿಯವನು ಅಡ್ಡ ನಿಂತ. "ಸ್ವಾಮಿ, ನಿಮಗೆ ಚೀಲ ಬೇಕಾ, ಇಲ್ಲ ನನ್ನ ಮೇಲೆ ಏನಾದ್ರೂ ಹಳೇ ದ್ವೇಷ ಇದೆಯಾ?"

ಕೊನೆಗೆ ಮೂಲೆಯ ಕಪಾಟಿನಲ್ಲಿದ್ದ ಬೂದುಬಣ್ಣದ ಸಾದಾ ಚೀಲ ಮೆಚ್ಚುಗೆಯಾಯಿತು. ದಪ್ಪ ಬಟ್ಟೆ, ಪಟ್ಟಿಯ ಬುಡದಲ್ಲಿ ಎರಡು ಸುತ್ತು ಹೊಲಿಗೆ, ಸೊಂಟಕ್ಕೊಂದು ಬೆಲ್ಟು, ಬೆಲೆ ಮೊದಲನೆಯದರ ಮೂರನೇ ಒಂದು ಪಾಲು. ಕಪಾಟಿನಿಂದ ಒಂದು, ಗೋದಾಮಿನಿಂದ ಇನ್ನೊಂದು ತರಿಸಿ, ಎರಡು ಚೀಲ ಹಿಡಿದು ಮನೆಗೆ ಬಂದರು.

"ಎರಡು ಯಾಕ್ರೀ? ಬೆನ್ನಿಗೊಂದು, ಹೊಟ್ಟೆಗೊಂದಾ?" ಎಂದರು ಹೆಂಡತಿ.

"ಒಂದು ಸ್ಯಾಂಪಲ್ಲು, ಒಂದು ಬಳಕೆಗೆ. ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಲದಾ?"

ಹಿಸುಕುವ ಕೆಲಸ ಶುರುವಾಯಿತು. ಸ್ಯಾಂಪಲ್ಲಿಗೆ ನಲವತ್ತು ಕಿಲೋ ಮರಳು ತುಂಬಿ ಬಚ್ಚಲಿನ ಬಾಗಿಲಿಗೆ ನೇತುಹಾಕಿದರು. ಎರಡನೇ ದಿನ ಬಾಗಿಲು ಕಳಚಿ ಬಿತ್ತು! ಚೀಲಕ್ಕೆ ಏನೂ ಆಗಲಿಲ್ಲ. ಬಾಗಿಲಿಲ್ಲದ ಬಚ್ಚಲಿನಲ್ಲಿ ಮನೆಮಂದಿ ಒಂದು ವಾರ ಹಾಡು ಹೇಳಿಕೊಂಡು ಸ್ನಾನ ಮಾಡಬೇಕಾಯಿತು. ಬೀಳಿಸುವ ಪರೀಕ್ಷೆಗೆಂದು ಅದನ್ನೇ ಮರಳಿನ ಸಮೇತ ತಮ್ಮ ಆರನೇ ಮಹಡಿಯ ಬಾಲ್ಕನಿಯಿಂದ ಎಸೆದರು. ಅದು ನೇರವಾಗಿ ಭಾವಮೈದುನನ ಸ್ಕೂಟರಿನ ಮೇಲೆ ಇಳಿಯಿತು. ಕನ್ನಡಿ ಹೋಯಿತು, ಸೀಟು ಬಾಗಿತು, ಚೀಲ ಕಲ್ಲಿನಂತಿತ್ತು. ಮಳೆಯ ಪರೀಕ್ಷೆಗೆ, ನೀರು ಒಳಗಿಳಿದರೆ ಗೊತ್ತಾಗಲೆಂದು ಕೈಗೆ ಸಿಕ್ಕಿದ ಕಾಗದ ಒಳಗಿಟ್ಟು, ಬಟ್ಟೆ ಒಗೆಯುವ ಯಂತ್ರದಲ್ಲಿ ಮುಕ್ಕಾಲು ಗಂಟೆ ತಿರುಗಿಸಿದರು.

"ರೀ! ಮೇಜಿನ ಮೇಲಿದ್ದ ಉತ್ತರಪತ್ರಿಕೆ ಎಲ್ಲಿ?"

"ಒಂದು ಹನಿ ನೀರು ತಾಕಿಲ್ಲ ನೋಡು! ನೀನು ಹಾಕಿದ ಸೊನ್ನೆ ಸೊನ್ನೆಯಾಗೇ ಇದೆ!" ಎಂದು ಜಗ್ಗಪ್ಪನವರು ಕಾಗದ ಎತ್ತಿ ಕುಣಿದರು. ಯಂತ್ರ ಮಾತ್ರ ಅಂದಿನಿಂದ ತಿರುಗಲಿಲ್ಲ.

"ಬಾಗಿಲು ಫೇಲು, ಸ್ಕೂಟರ್ ಫೇಲು, ಮಷೀನ್ ಫೇಲು. ಈ ಮನೇಲಿ ಪಾಸಾಗಿರೋದು ಚೀಲ ಒಂದೇ. ಇನ್ನಾದ್ರೂ ನಿಲ್ಸಿ, ನನ್ನನ್ನ ನೇತುಹಾಕೋಕೆ ಮುಂಚೆ" ಎಂದರು ಹೆಂಡತಿ.

ನಿಲ್ಲಿಸಿದರು. ಕಾರ್ಖಾನೆಯ ನಿಯಮದಂತೆ ಸ್ಯಾಂಪಲ್ಲಿಗೆ ಕೆಂಪು ಚೀಟಿ ಕಟ್ಟಿ ಕಸದ ಬುಟ್ಟಿಯ ಪಕ್ಕಕ್ಕಿಟ್ಟರು. ಹೊಸ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ 'ಪಾಸ್' ಎಂದು ಬರೆದರು. ಅಂದು ಅವರು ನಿದ್ದೆ ಮಾಡಿದ ನೆಮ್ಮದಿ ನೋಡಬೇಕಿತ್ತು.

ಬೆಟ್ಟದ ದಿನ ಬಂತು. ಬ್ರೆಡ್ಡು, ಬಾಳೆಹಣ್ಣು, ಬೇಯಿಸಿದ ಇಪ್ಪತ್ತನಾಲ್ಕು ಮೊಟ್ಟೆ, ಒಟ್ಟು ಒಂಬತ್ತು ಕಿಲೋ ಊಟ ಜಗ್ಗಪ್ಪನವರ ಬೆನ್ನೇರಿತು. ನಲವತ್ತು ಕಿಲೋದ ಮುಂದೆ ಒಂಬತ್ತು ಯಾವ ಲೆಕ್ಕ! ದಾರಿಯುದ್ದಕ್ಕೂ ಎದೆ ಮುಂದೆ ಮಾಡಿ ನಡೆದರು. ತಮ್ಮ ಮುಂದಿದ್ದವರ ಚೀಲಗಳನ್ನು ಹಿಂದಿನಿಂದ ಮೆಲ್ಲಗೆ ಜಗ್ಗಿ "ಪಾಪ" ಎಂದರು. ಹೋದ ವರ್ಷ ಚೀಲ ಹರಿದ ತಿರುವು ದಾಟಿದಾಗ ಕಣ್ಣಲ್ಲಿ ನೀರೇ ಬಂತು. ನನಗೂ ಅವರನ್ನು ಅಲ್ಲೇ ನಿಲ್ಲಿಸಿ, ಕತೆ ಮುಗಿಸಿಬಿಡುವ ಆಸೆ.

ಅಲ್ಲಿಂದ ಇಪ್ಪತ್ತೇ ಹೆಜ್ಜೆ. ಟರ್ರ್!

ಎಡಪಟ್ಟಿ ಬುಡಸಮೇತ ಕಿತ್ತು ಬಂತು. ಚೀಲ ಒಂದು ಸುತ್ತು ಹಾಕಿ ತಲೆಕೆಳಗಾಯಿತು, ಜಿಪ್ಪು ಬಾಯಿ ಬಿಟ್ಟಿತು. ಮೊಟ್ಟೆಗಳು ಒಂದರ ಹಿಂದೆ ಒಂದು ಶಿಸ್ತಾಗಿ ಇಳಿಜಾರು ಹಿಡಿದವು. "ಹನ್ನೊಂದು... ಹನ್ನೆರಡು..." ಎಂದು ಡಾಕ್ಟರು ದುಃಖದಿಂದ ಎಣಿಸಿದರು.

"ಸಾಧ್ಯಾನೇ ಇಲ್ಲ!" ಜಗ್ಗಪ್ಪನವರು ಹರಿದ ಪಟ್ಟಿ ಹಿಡಿದು ಕೂಗಿದರು. "ಇದರ ಜೊತೆಯದು ನಲವತ್ತು ಕಿಲೋ ಹೊತ್ತಿದೆ! ಆರನೇ ಮಹಡಿಯಿಂದ ಬಿದ್ದಿದೆ!"

"ಆ ಜೊತೆಯದು ಎಲ್ಲಿದೆ, ಗೊತ್ತಾ?" ಎಂದು ಹೆಂಡತಿ ಕೇಳಿದರು.

ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಭಾವಮೈದುನ ಸುಮ್ಮನೆ ಬೆನ್ನು ತಿರುಗಿಸಿದ. ಬೂದುಬಣ್ಣದ ಚೀಲ! ಜಿಪ್ಪಿನಿಂದ ಕೆಂಪು ಚೀಟಿ ನೇತಾಡುತ್ತಿತ್ತು.

"ಕಸದ ಪಕ್ಕ ಇತ್ತು ಭಾವ. ಅಕ್ಕ ಕೊಟ್ಳು. ಸ್ಕೂಟರ್ ಮುರಿದಿದ್ದಕ್ಕೆ ಪರಿಹಾರ ಅಂದ್ಕೊಂಡೆ. ಎಂಟು ಜನರ ನೀರು ಇದರಲ್ಲೇ ಇದೆ, ಹೂವು ಹೊತ್ತಂಗಿದೆ."

"ಅಲ್ರೀ," ಹೆಂಡತಿ ತರಗತಿಯಲ್ಲಿ ನಿಂತವರಂತೆ ಸೊಂಟಕ್ಕೆ ಕೈಯಿಟ್ಟರು, "ಗಟ್ಟಿ ಅಂತ ಗೊತ್ತಾದದ್ದನ್ನ ಕಸಕ್ಕೆ ಹಾಕಿ, ಏನೂ ಗೊತ್ತಿಲ್ಲದ್ದನ್ನ ಬೆನ್ನಿಗೆ ಹಾಕ್ಕೊಂಡ್ರಾ? ಪರೀಕ್ಷೆ ಬರೆದೋನು ಒಬ್ಬ, ಪಾಸಾದೋನು ಇನ್ನೊಬ್ಬ! ನನ್ನ ಸ್ಕೂಲಲ್ಲಿ ಹೀಗೆ ಮಾಡಿದ್ರೆ ಹೊರಗೆ ಕಳಿಸ್ತೀವಿ."

"ಅದು ಪದ್ಧತಿ ಕಣೇ! ಒಂದು ಅಗುಳು..."

"ಒಂದೇ ಪಾತ್ರೇಲಿ ಬೆಂದ ಅನ್ನಕ್ಕೆ ಆ ಮಾತು. ನೀವೇ ಹೇಳಿದಂಗೆ ಇದು ಕಪಾಟಿನ ಅನ್ನ, ಅದು ಗೋದಾಮಿನ ಅನ್ನ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ಕಾರ್ಖಾನೇಲಿ ಇಪ್ಪತ್ತಾರು ವರ್ಷದಿಂದ ಹೀಗೇ ಮಾಡ್ತಿದ್ದೀನಿ, ಒಂದು ದೂರು ಬಂದಿಲ್ಲ!" ಎಂದು ಜಗ್ಗಪ್ಪನವರು ಗುಡುಗಿದರು.

ಆ ಮಾತು ಆಡಬಾರದಿತ್ತು. ಡಾಕ್ಟರು ಮೊಟ್ಟೆ ಎಣಿಸುವುದನ್ನು ನಿಲ್ಲಿಸಿದರು. "ಒಂದು ನಿಮಿಷ. ನಮ್ಮ ಲಿಫ್ಟಿನ ಹಗ್ಗ ನಿಮ್ಮ ಕಾರ್ಖಾನೇದೇ ಅಲ್ವಾ?"

"ಹೌದು! ನಾನೇ ಪಾಸ್ ಮಾಡಿದ್ದು!"

"ಅದನ್ನ ಜಗ್ಗಿ ನೋಡಿದ್ರಾ?"

"ಅದನ್ನಲ್ಲ... ಅದರ ಪಕ್ಕದ ತುಂಡನ್ನ."

"ಅದು ಒಂದೇ ಸುರುಳಿ! ಒಂದೇ ಉಕ್ಕು! ಲೆಕ್ಕ ಇದೆ!" ಎಂದು ಅವರು ಇಳಿಯುವ ದಾರಿಯುದ್ದಕ್ಕೂ ವಿವರಿಸಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅರೆಹೊಟ್ಟೆಯ ಉಳಿದ ಏಳು ಮಂದಿಗೆ ಉಕ್ಕಿನ ಶಾಸ್ತ್ರ ತಲೆಗೆ ಹತ್ತೀತೇ?

ಸಂಜೆ ಹದಿನೆಂಟು ಕಿಲೋಮೀಟರ್ ನಡೆದ ಕಾಲುಗಳು ಕಟ್ಟಡದ ಬಾಗಿಲಿಗೆ ಬಂದವು. ಲಿಫ್ಟು ಬಾಯಿ ತೆರೆದು ನಿಂತಿತ್ತು. ಎಲ್ಲರೂ ಲಿಫ್ಟನ್ನೊಮ್ಮೆ ನೋಡಿದರು, ಜಗ್ಗಪ್ಪನವರನ್ನೊಮ್ಮೆ ನೋಡಿದರು. ಆಮೇಲೆ ಡಾಕ್ಟರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಕಡೆ ತಿರುಗಿದರು. ಭಾವಮೈದುನ ಹಿಂಬಾಲಿಸಿದ. ಹೆಂಡತಿಯೂ!

"ನೀನೂನಾ?" ಜಗ್ಗಪ್ಪನವರು ಲಿಫ್ಟಿನ ಬಾಗಿಲಲ್ಲೇ ನಿಂತು ಕೇಳಿದರು.

"ನೀವು ಲಿಫ್ಟಲ್ಲೇ ಬನ್ನಿ. ಪಾಸ್ ಮಾಡಿದೋರು ನೀವಲ್ವಾ?"

"ಬರ್ತೀನಿ! ನೋಡ್ತಿರು, ನಿಮಗಿಂತ ಮೊದಲು ಮೇಲಿರ್ತೀನಿ!"

ಎಲ್ಲರೂ ಉಸ್ಸಪ್ಪಾ ಎನ್ನುತ್ತ ಹತ್ತಿದರು. ನಾಲ್ಕನೇ ಮಹಡಿಯಲ್ಲಿ ಹೆಂಡತಿ ಕುಳಿತು ಕಾಲು ನೀವಿಕೊಳ್ಳುತ್ತಿದ್ದಾಗ, ಕೆಳಗಿನಿಂದ ಯಾರೋ ಏದುಸಿರು ಬಿಡುತ್ತ ಬರುವ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಜಗ್ಗಪ್ಪನವರು! ಒಂದು ಕೈಯಲ್ಲಿ 'ಪಾಸ್' ಎಂದು ಬರೆದ ಹರಿದ ಚೀಲ. ಇನ್ನೊಂದು ಕೈ, ಅಭ್ಯಾಸ ಬಿಡದೆ, ಮೆಟ್ಟಿಲ ಕಂಬಿಯನ್ನು ಜಗ್ಗಿ ಜಗ್ಗಿ ನೋಡುತ್ತಿತ್ತು.

"ಏನ್ರೀ, ಲಿಫ್ಟು ಬರಲಿಲ್ವಾ?"

"ಬಂತು."

"ಮತ್ತೆ?"

ಜಗ್ಗಪ್ಪನವರು ಹೆಂಡತಿಯ ಪಕ್ಕದಲ್ಲಿ ಕುಸಿದು ಕುಳಿತರು.

"ಒಂದು ಕಾಲು ಒಳಗಿಟ್ಟೆ ಕಣೇ. ಇನ್ನೊಂದು ಒಪ್ಪಲಿಲ್ಲ."