ಮೊಣಕಾಲಿಗಿಂತ ಸ್ವಲ್ಪ ಮೇಲೆ

ಗಾಜಿಪುರದ ನಮ್ಮ ಡಾಕ್ಟರಮ್ಮನ ದವಾಖಾನೆಯಲ್ಲಿ ನಾನು ನರ್ಸ್ ಆಗಿ ಹದಿನೆಂಟು ವರ್ಷವಾಯಿತು. ಬುಧವಾರ ಮಾತ್ರ ಇಬ್ಬರೂ ಕಮಲಾಪುರಕ್ಕೆ ಹೋಗಿ ಒಂದು ಬಾಡಿಗೆ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತೇವೆ. ಕೈ ಮುರಿದವರು ಕೂಗುತ್ತ ಬರುತ್ತಾರೆ, ಹಲ್ಲುನೋವಿನವರು ಗದ್ದ ಹಿಡಿದುಕೊಂಡು ಬರುತ್ತಾರೆ. ಮೂತ್ರ ಹೋಗುವ ಜಾಗದಲ್ಲಿ ಬಾವು ಬಂದವರು ಮಾತ್ರ ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ಬರುತ್ತಾರೆ. ತಿಂಗಳಿಗೆ ಒಬ್ಬರಾದರೂ ಇಂಥವರು ಬಂದೇ ಬರುತ್ತಾರೆ. ಅದನ್ನು ಮುಚ್ಚಿಡಲು ಅವರು ಪಡುವ ಪಾಡು ಕಂಡು ನಾನು ಇವತ್ತಿಗೂ ಬೆರಗಾಗುತ್ತೇನೆ.

೧. ಮೊಣಕಾಲು

ಶಹಾಬಜಾರದ ಬಟ್ಟೆ ಅಂಗಡಿಯವರೊಬ್ಬರು ಮೊಣಕಾಲು ನೋವು ಎಂದು ಬಂದರು. ಡಾಕ್ಟರಮ್ಮ ಮಡಚಿ ನೋಡಿದರು, ಒತ್ತಿ ನೋಡಿದರು. ಏನೂ ಸಿಗದೆ ಎಕ್ಸ್‌ರೇಗೆ ಬರೆದುಕೊಟ್ಟರು. ಮರುದಿನ ಎಕ್ಸ್‌ರೇ ತಂದರು. ಅದರಲ್ಲೂ ಏನಿಲ್ಲ. "ಕಾಲು ಚಲೋ ಅದರಿ, ಹೋಗಿ ಬರ್ರಿ" ಎಂದರೆ ಮನುಷ್ಯ ಏಳಲೊಲ್ಲರು.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಕೇಳಿದರು, "ಮೊಣಕಾಲಿಗಿಂತ ಮ್ಯಾಲ ಏನಾದ್ರೂ ತ್ರಾಸ ಅದನ್ರಿ?"

"ಸ್ವಲ್ಪ ಮ್ಯಾಲ ಅದರಿ."

"ಎಷ್ಟು ಮ್ಯಾಲ?"

ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ, "ನೀವ್ ಹೆಣ್ಮಕ್ಕಳು, ಹ್ಯಾಂಗ್ ಹೇಳ್ಲಿ?" ಎಂದರು.

ಅಂತೂ ಹೇಳಿದರು. ಬೆವರಿಗೆ ಮೂತ್ರದ ಜಾಗ ತುರಿಸಿತೆಂದು, ಗಾಯ ತೊಳೆಯುವ ಔಷಧಿಯನ್ನು ನೀರು ಬೆರೆಸದೆ ದಿನಕ್ಕೆ ಮೂರು ಸಲ ಹಚ್ಚಿಕೊಂಡಿದ್ದರು. ಸುತ್ತಲೂ ಕೆಂಪಗೆ ಊದಿತ್ತು.

"ಔಷಧಿ, ವಾಸನಿ ಸಾಬೂನು ಎಲ್ಲಾ ಬಂದ್. ಬರೇ ನೀರು. ಎರಡು ದಿನದಾಗ ಇಳೀಲಿಲ್ಲಂದ್ರ, ಕೀವು ಆತಂದ್ರ, ಜ್ವರ ಬಂತಂದ್ರ ಬರ್ರಿ. ಆವಾಗ ಮೊಣಕಾಲು ತೋರಸಬ್ಯಾಡ್ರಿ," ಎಂದರು ಡಾಕ್ಟರಮ್ಮ.

ಬಾವು ಇಳಿಯಿತು. ಮೊಣಕಾಲು ನೋವನ್ನು ಮನೆಯವರು ನಂಬಲಿ ಎಂದು ಅವರು ಇನ್ನೂ ಒಂದು ತಿಂಗಳು ಕುಂಟಿದರಂತೆ.

೨. ಗೆಳೆಯ

ಕೋಟೆಯ ಕಡೆಯಿಂದ ಒಬ್ಬ ಮಾಸ್ತರರು ಬಂದರು. "ನನ್ನ ಗೆಳೆಯಗ ರೀ, ಮುಂದಿನ ಚರ್ಮ ಹಿಂದ ಸರದು ಅಲ್ಲೇ ಸಿಕ್ಕೊಂಡದ. ತುದಿ ಬಾತದ. ಮುಂಜಾನಿಯಿಂದ ಮೂತ್ರ ಹನಿಹನಿ ಬರಾಕತ್ತದ. ಗುಳಿಗಿ ಬರದು ಕೊಡ್ರಿ, ಒಯ್ದು ಕೊಡ್ತೀನಿ."

ಡಾಕ್ಟರಮ್ಮನ ದನಿ ಗಟ್ಟಿಯಾಯಿತು. "ಇದು ಗುಳಿಗಿ ಕೆಲಸ ಅಲ್ರಿ. ತಡ ಆದ್ರ ತುದಿಗಿ ರಕ್ತ ಹೋಗೂದು ನಿಲ್ಲತದ. ಈಗಿಂದೀಗ ಕರ್ಕೊಂಡು ಬರ್ರಿ. ಎಲ್ಲಿ ಇದ್ದಾರ ಅವರು?"

ಮಾಸ್ತರರು ಕಾಲು ಬದಲಿಸಿ ನಿಂತರು. "ಅವಗ ಕೂಡಾಕ ಬರವಲ್ದ್ರಿ."

ಆಗ ನನಗೆ ಹೊಳೆಯಿತು. ಅರ್ಧ ತಾಸಿನಿಂದ ನಮ್ಮ ಬೆಂಚು ಖಾಲಿ ಇತ್ತು, ಮಾಸ್ತರರು ನಿಂತೇ ಇದ್ದರು.

"ಕೂಡ್ರಿ ಮಾಸ್ತರ," ಎಂದೆ.

"ಇರ್ಲಿ ರೀ," ಎಂದರು.

ಒಳಗೆ ಕರೆದೊಯ್ದು ಡಾಕ್ಟರಮ್ಮ ಊತ ಒತ್ತಿ ಇಳಿಸಿ ಚರ್ಮ ಸರಿಪಡಿಸಿದರು. ಆ ನೋವನ್ನು ಹೊತ್ತುಕೊಂಡು ಈ ಮನುಷ್ಯ ಮಧ್ಯಾಹ್ನದವರೆಗೆ ಪಾಠ ಮಾಡಿ ಬಂದಿದ್ದರಂತೆ. ಮಾಸ್ತರರು ಹೊರಗೆ ಬಂದು ಬೆಂಚಿನ ಮೇಲೆ ಆರಾಮಾಗಿ ಕೂತು ಬೆವರು ಒರೆಸಿಕೊಂಡರು. "ನನ್ನ ಗೆಳೆಯಗ ಈಗ ಚಲೋ ಅದರಿ."

೩. ಉಷ್ಣ

ನಮ್ಮ ಕಡೆಯ ಬಿಸಿಲಿಗೆ, ಯಾವ ರೋಗ ಬಂದರೂ ಮನೆಯವರು ಇಡುವ ಹೆಸರು ಒಂದೇ, ಉಷ್ಣ. ಕಮಲಾಪುರದ ಒಬ್ಬ ಸೊಸೆ ಉರಿ, ಬಾವು ತಾಳಲಾರದೆ "ಉಷ್ಣ ಆಗ್ಯಾದ" ಎಂದಷ್ಟೇ ಅತ್ತೆಗೆ ಹೇಳಿದ್ದಳು. ಎಲ್ಲಿ ಎಂದು ಅತ್ತೆ ಕೇಳಲಿಲ್ಲ, ಇವಳು ಹೇಳಲಿಲ್ಲ. ಎಲ್ಲರಿಗೂ ಬಂದೀತೆಂದು ಅತ್ತೆ ಇಡೀ ಮನೆಗೆ ವಾರಗಟ್ಟಲೆ ಮಜ್ಜಿಗೆ ಕುಡಿಸಿ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಕೊನೆಗೆ ಸೊಸೆಗೆ ಚಳಿಜ್ವರ ಬಂದಾಗ ಆರೂ ಮಂದಿ ಬಂದರು.

ಮೂತ್ರದಲ್ಲಿ ಸೋಂಕಾಗಿತ್ತು. "ಉರಿ ಜೋಡಿ ಜ್ವರಾನೂ ಬಂತಂದ್ರ ಒಂದು ದಿನಾನೂ ಮನ್ಯಾಗ ಇಟ್ಕೋಬಾರ್ದು," ಎಂದು ಡಾಕ್ಟರಮ್ಮ ಗುಳಿಗೆ ಬರೆದರು.

ಅತ್ತೆ ಏಳಲಿಲ್ಲ. ಮೂಗು ಒರೆಸಿಕೊಂಡು ಕೇಳಿದಳು, "ಅಕಿದು ಆತ್ರಿ. ನಮ್ಮ ಐದು ಮಂದಿ ನೆಗಡಿಗಿ ಏನು ಕೊಡ್ತೀರಿ?"

೪. ಹಸಿರು ಸೀರೆ

ಇದೂ ಕಮಲಾಪುರದ್ದೇ. ಅರವತ್ತು ದಾಟಿದ ಒಬ್ಬ ಅಮ್ಮನನ್ನು ಅವಳ ನಾದಿನಿ ರಟ್ಟೆ ಹಿಡಿದು ಎಳೆದು ತಂದಳು. ಕೆಂಪು ಬಾಳೆ ಬೆಳೆಯುವ ಮನೆಯವರು. ಮಾತು ತೆಗೆದದ್ದು ನಾದಿನಿ.

"ಈಕಿ ಹನ್ನೊಂದು ವರ್ಷದಿಂದ ನನ್ನ ಕೂಡ ಮಾತಾಡಿಲ್ರಿ. ನಿನ್ನಿ ತಾನಾಗೇ ಬಂದು ತನ್ನ ಹಸರ ರೇಶ್ಮಿ ಸೀರಿ ಕೊಟ್ಲು. ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ ಅಂದ್ಲು. ಸಾವು ಬಂದು ಬಾಗಲದಾಗ ನಿಂತ ಹೊರತು ಈಕಿ ತಪ್ಪಾತು ಅನ್ನಾಕಿ ಅಲ್ಲ. ಏನೋ ಅದ, ನೋಡ್ರಿ."

ಪರದೆ ಎಳೆದ ಮೇಲೆ ಅಮ್ಮ ಬಾಯಿ ಬಿಟ್ಟಳು. ಎಂಟು ತಿಂಗಳ ಹಿಂದೆ ಮೂತ್ರದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ತಾಕಿತ್ತು. ಆಗಾಗ ಬಟ್ಟೆಗೆ ರಕ್ತದ ಕಲೆ. ಕ್ಯಾನ್ಸರ್ ಎಂದು ತಾನೇ ತೀರ್ಮಾನಿಸಿ ಯಾರಿಗೂ ಹೇಳಲಿಲ್ಲ. ರೊಟ್ಟಿ ಬಡಿದಳು, ಸೊಸೆಯ ಬಾಣಂತನ ಮಾಡಿದಳು. ತನ್ನನ್ನು ಹೂಳಲು ತೋಟದ ಒಂದು ಮೂಲೆ ನೋಡಿಟ್ಟು, ಅಲ್ಲಿ ಬಾಳೆ ನೆಡಬೇಡವೆಂದು ಕಾರಣ ಹೇಳದೆ ಮಗನಿಗೆ ತಾಕೀತು ಮಾಡಿದಳು. ನನಗೆ ಒಂದು ದಿನ ತಲೆನೋವು ಬಂದರೆ ಓಣಿಗೆಲ್ಲ ಗೊತ್ತಾಗಿರುತ್ತದೆ.

ಡಾಕ್ಟರಮ್ಮ ನಿಧಾನವಾಗಿ ನೋಡಿದರು. "ಮುಟ್ಟು ನಿಂತ ಹೆಣ್ಮಕ್ಕಳಿಗಿ ಇಂಥಾ ಗಂಟು ಬರತಾವ ಯವ್ವಾ. ಹೆಚ್ಚಾಗಿ ಅವು ಏನೂ ಮಾಡಂಗಿಲ್ಲ. ಮುಲಾಮು ಕೊಡ್ತೀನಿ. ಆದ್ರ ರಕ್ತ ಬಂದದ, ನೋವಿಲ್ಲಂತ ಬಿಡಬಾರ್ದು. ದೊಡ್ಡ ದವಾಖಾನ್ಯಾಗ ತೋರಸಿ ಖಾತ್ರಿ ಮಾಡ್ಕೊಳ್ಳೂಣು. ಮೂತ್ರ ಕಟ್ಟಿತಂದ್ರ ಮಾತ್ರ ಬುಧವಾರದ ಹಾದಿ ನೋಡಬ್ಯಾಡ, ಆ ತಾಸೇ ಹೋಗು."

ಎರಡು ವಾರದ ಮೇಲೆ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. ನನ್ನ ಕಣ್ಣು ತುಂಬಿ ಬಂತು. ಅಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ಹಂಗಾರ ನಾ ಸಾಯಂಗಿಲ್ಲೇನ್ರಿ?"

"ಇದರಿಂದ ಅಂತೂ ಇಲ್ಲ ಯವ್ವಾ."

ಅವಳು ಮೆಲ್ಲಗೆ ನಾದಿನಿಯ ಕಡೆ ತಿರುಗಿದಳು. ನಾದಿನಿ ಆ ಹಸಿರು ಸೀರೆಯನ್ನೇ ಉಟ್ಟು ಬಂದಿದ್ದಳು.

"ನನ್ನ ಸೀರಿ ವಾಪಸ್ ಕೊಡು."

"ಕೊಡಂಗಿಲ್ಲ. ನೀ ಸತ್ತ ದಿನ ಇದನ್ನೇ ಉಟ್ಕೊಂಡು ಅಳಾಕ ಬರ್ತೀನಿ."

ಅಮ್ಮ ಸೆರಗು ಕೊಡವಿ ಎದ್ದಳು. "ಹಂಗಾರ ಅದು ಹರದು ಚಿಂದಿ ಆಗೂತನಕ ನಾ ಸಾಯಂಗಿಲ್ಲ, ನಡಿ."