ಪಂಪಿನ ಕೆಳಗಿನ ನೀಲಿ ಹನಿ

ಕಾರ್ನಿವಲ್ ಮಂಗಳವಾರ ಬೆಳಿಗ್ಗೆ ಒವಿದಿಯೊ ತನ್ನ ಪುಟ್ಟ ವಿಮಾನದ ಮೂತಿಯ ಕೆಳಗೆ ಒಂದು ನೀಲಿ ಹನಿ ಕಂಡ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಅಂದಮೇಲೆ ಇನ್ನು ಅನುಮಾನವೇನು? ಪೆಟ್ರೋಲ್ ಪಂಪು ಸೋರುತ್ತಿತ್ತು.

ಬೇರೆ ದಿನವಾಗಿದ್ದರೆ "ಹಾಳಾಗಿ ಹೋಗ್ಲಿ" ಎಂದು ಉಯ್ಯಾಲೆ ಹಾಸಿಗೆಯಲ್ಲಿ ಬಿದ್ದುಕೊಳ್ಳುತ್ತಿದ್ದ. ಆದರೆ ದೂರದ ಸಾನ್ ಹೋಕಿನ್ ಊರಿನ ವಿಧವೆ ದೋನ್ಯಾ ಮೆಲ್ವಿ, ಇವನ ಮೂರು ವರ್ಷದ ಗೋಗರೆತಕ್ಕೆ ಕರಗಿ, ಮದುವೆಗೆ ಅರ್ಧ ಒಪ್ಪಿದ್ದಳು. ಉಳಿದರ್ಧಕ್ಕೆ ಒಂದೇ ಷರತ್ತು: "ಕಾರ್ನಿವಲ್ ಮಂಗಳವಾರ ಸಂಜೆಯೊಳಗೆ ನಮ್ಮನೆಗೆ ಬಾ. ಆದ್ರೆ ಹೆಂಡದ ವಾಸನೆ ಇರಕೂಡ್ದು. ಮೊದಲನೇ ಗಂಡನ ಕಾಲಕ್ಕೇ ಅದು ಸಾಕುಸಾಕಾಗಿ ಹೋಗಿದೆ."

ಒವಿದಿಯೊನ ಊರು ಸಾಂತಾ ಆನಾದಲ್ಲಿ ಆ ದಿನ ನಾಯಿಗಳೂ ನೆಟ್ಟಗೆ ನಡೆಯುವುದಿಲ್ಲ. ಮನೆ, ಹಸು, ದೋಣಿ, ವಿಮಾನ, ಯಾರಿಗೆ ಏನಿದೆಯೋ ಅದರ ಮೇಲೆಲ್ಲ ಸಿಂಗಾನಿ ಹೆಂಡ ಸುರಿದು, ಹೂವಿನ ಎಸಳು ಉದುರಿಸಿ ಚಲ್ಯಾ ಪೂಜೆ ಮಾಡಬೇಕು. ಭೂಮಿತಾಯಿಗೆ ಮೊದಲ ಹನಿ, ಉಳಿದದ್ದು ಗಂಟಲಿಗೆ. ಒವಿದಿಯೊ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದ. ಮಳೆಗಾಲ, ರಸ್ತೆಗಳೆಲ್ಲ ನೀರಿನಡಿ. ವಿಮಾನವಿಲ್ಲದೆ ಮೆಲ್ವಿಯಿಲ್ಲ.

"ಅಷ್ಟಕ್ಕೆ ಯಾಕೆ ತಲೆ ಮೇಲೆ ಕೈ ಹೊತ್ತು ಕೂತಿದೀಯ ಮಾರಾಯ? ನನ್ನ ವಿಮಾನದ ಪಂಪು ಬಿಚ್ಕೋ," ಎಂದ ಪಕ್ಕದ ಶೆಡ್ಡಿನ ನಸಾರಿಯೊ. ಹೊಟ್ಟೆಹುಣ್ಣಿನಿಂದಾಗಿ ಡಾಕ್ಟರು ಹೆಂಡ ಬಿಡಿಸಿದ್ದರಿಂದ ಅವನೂ ಅಂದು ಮುಖ ಗಂಟಿಕ್ಕಿಕೊಂಡು ಕೂತಿದ್ದ.

ಒವಿದಿಯೊ ತನ್ನ ಪಂಪು ಬಿಚ್ಚಿ, ನಸಾರಿಯೊನದನ್ನು ಕೂರಿಸಿ, ಬೋಲ್ಟು ಬಿಗಿದ. ಹನಿ ನಿಂತಿತು. ಶೆಡ್ಡಿನ ಬಾಗಿಲಲ್ಲಿ ಬಾಳೆಕಾಯಿ ಜಜ್ಜಿ ಮಾಡಿದ ಮಸಾಕೊ ತಿಂಡಿ ಮಾರುವ ದೋನ್ಯಾ ಅಸುಂತಾ ಹೆಂಡದ ಬಾಟಲಿ ಹಿಡಿದು ಚಕ್ರ, ರೆಕ್ಕೆಗಳಿಗೆಲ್ಲ ಸುರಿಯುತ್ತಿದ್ದಳು.

"ನಿನಗೂ ಒಂದ್ ಗುಟುಕು ಮಗಾ?"

"ನಿಮ್ಮ ದಮ್ಮಯ್ಯ, ಬಾಟಲಿ ನನ್ನ ಹತ್ರ ತರಬೇಡಿ!" ಎಂದು ಒವಿದಿಯೊ ಕೈ ತೊಳೆಯಲು ಓಡಿದ.

ವಾಪಸು ಬಂದು ಬಗ್ಗಿ ನೋಡಿದರೆ, ತೊಟ್, ನೀಲಿ ಹನಿ!

"ಗ್ಯಾಸ್ಕೆಟ್ ಸರಿ ಕೂತಿಲ್ಲ," ಎಂದ ನಸಾರಿಯೊ. ಮತ್ತೆ ಬಿಚ್ಚಿದ್ದಾಯಿತು. ಹೊಸ ಗ್ಯಾಸ್ಕೆಟ್ ಕತ್ತರಿಸಿ, ಹಾಕಿ, ಬಿಗಿದು, ಬೆವರು ಒರೆಸಿಕೊಂಡು ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ತೊಟ್, ತೊಟ್.

"ಪೈಪಿನ ನಟ್ಟು ಸಡಿಲ!" ಎಂದು ಹಾದಿಹೋಕನೊಬ್ಬ ತೂರಾಡುತ್ತ ತೀರ್ಪು ಕೊಟ್ಟ. ನಟ್ಟನ್ನೂ ಬಿಗಿದದ್ದಾಯಿತು. ಸ್ಪ್ಯಾನರು ಇಟ್ಟು ಬಂದರೆ ಹನಿ ಈಗ ಸಣ್ಣ ಧಾರೆಯೇ ಆಗಿತ್ತು. ವಾಸನೆ ನೋಡೋಣವೆಂದರೆ ಶೆಡ್ಡಿಗೆ ಶೆಡ್ಡೇ ಗಬ್ಬು ನಾರುತ್ತಿತ್ತು. ಮೂಗು ಬೆಳಿಗ್ಗೆಯೇ ಕೈಕೊಟ್ಟಿತ್ತು.

ಒವಿದಿಯೊನ ತಲೆ ಕೆಟ್ಟು ಹೋಯಿತು. ಬಿಗಿದಷ್ಟೂ ಸೋರುವ ಪಂಪನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಹೊತ್ತು ಇಳಿಯುತ್ತಿತ್ತು. "ಹೋಯ್ತು, ಮೆಲ್ವಿ ಕೈತಪ್ಪಿದ್ಲು," ಎಂದು ಅಳು ನುಂಗುತ್ತ ಎಂಜಿನ್ನಿನ ಕೆಳಗೆ ಅಂಗಾತ ಮಲಗಿ, ಬಾಯಿ ತೆರೆದುಕೊಂಡು ಪಂಪನ್ನೇ ದಿಟ್ಟಿಸಿದ. ಮೀಸೆಯ ಮೇಲೊಂದು, ಅಂಗಿಯ ಮೇಲೆ ನಾಲ್ಕಾರು, ಕೊನೆಗೆ ನೇರ ನಾಲಿಗೆಯ ಮೇಲೇ ಒಂದು ಹನಿ ಬಿತ್ತು.

ಉಗುಳಲು ಹೋದವನು ತಡೆದ. ಚಪ್ಪರಿಸಿದ. ಬೆರಳು ಅದ್ದಿ ಇನ್ನೊಮ್ಮೆ ನೆಕ್ಕಿದ.

"ದೋನ್ಯಾ ಅಸುಂತಾ! ಎಂಜಿನ್ನಿಗೆ ಏನ್ ಸುರಿದ್ರಿ?"

"ಇನ್ನೇನು ಸುರೀಲಿ? ಬೆಳಿಗ್ಗೆ ನೀನು ಬರೋ ಮೊದ್ಲೇ ಒಂದ್ ಸಲ ಸುರಿದಿದ್ದೆ. ಆಮೇಲೆ ಹೊಸ ಪಂಪಿಗೆ ಚಲ್ಯಾ ಮಾಡ್ದೆ ಬಿಡೋಕಾಗುತ್ತಾ? ನೀನು ಬಿಚ್ಚಿ ಬಿಚ್ಚಿ ಹಾಕ್ತಿದ್ದೆ, ನಾನು ಪ್ರತಿ ಸಲ ಮೊದಲಿಂದ ಮಾಡ್ಬೇಕಾಯ್ತು. ಎದುರಿಗೆ ಮಾಡಿದ್ರೆ ಬೈತೀಯ ಅಂತ ನೀನು ಆಚೆ ಹೋದಾಗ ಸುರಿದೆ."

ಒಣಗಿ ಅಂಟಿದ್ದ ಹಳೆಯ ಪೆಟ್ರೋಲಿನ ಕಲೆ ಹೆಂಡದಲ್ಲಿ ಕರಗಿ ನೀಲಿಯಾಗಿ ಇಳಿಯುತ್ತಿತ್ತು, ಅಷ್ಟೇ. ಪಂಪು ಬೆಳಿಗ್ಗೆಯಿಂದಲೂ ಸರಿಯಾಗಿಯೇ ಇತ್ತು! ಒವಿದಿಯೊಗೆ ಸಿಟ್ಟು ಬರಲಿಲ್ಲ, ಸ್ವರ್ಗವೇ ಸಿಕ್ಕಿದಂತಾಯಿತು. ಬೆರಳು ನೆಕ್ಕುತ್ತ, ಅಂಗಿ ಹಿಂಡುತ್ತ ಶೆಡ್ಡಿನ ತುಂಬ ಕುಣಿದ.

"ಸಿಂಗಾನಿ! ಅಪ್ಪಟ ಸಿಂಗಾನಿ! ಅಯ್ಯೋ, ಎಂಥಾ ಖುಷಿ!"

"ಕಾಣ್ತಾ ಇದೆ," ಎಂದಿತು ಬಾಗಿಲಿನಿಂದ ಒಂದು ದನಿ.

ದೋನ್ಯಾ ಮೆಲ್ವಿ ನಿಂತಿದ್ದಳು. ಕೈಯಲ್ಲಿ ಬಿಸಿ ಕುನ್ಯಾಪೆ ರೊಟ್ಟಿಯ ಗಂಟು. "ಇಷ್ಟೊತ್ತಾದ್ರೂ ಬರ್ಲಿಲ್ಲ, ಎಲ್ಲಾದ್ರೂ ಬಿದ್ದೋದ್ಯೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು, ದನದ ಸಾಹುಕಾರರ ವಿಮಾನದಲ್ಲಿ ಓಡಿ ಬಂದೆ. ಎಲ್ಲಿ, ಹತ್ರ ಬಾ. ಊದು."

"ಮೆಲ್ವಿ, ನನ್ನಾಣೆ, ಇದು ಪಂಪಿನಿಂದ ಸೋರಿದ್ದು…"

"ನನ್ನ ಗಂಡ ಸೂರು ಸೋರ್ತು ಅಂತಿದ್ದ."

ಅವಳು ನಸಾರಿಯೊನ ಕಡೆ ತಿರುಗಿದಳು. "ನೀವು ಕುಡಿದಿಲ್ವಾ?"

"ಹೊಟ್ಟೆಹುಣ್ಣು," ಎಂದು ನಸಾರಿಯೊ ನಾಚಿದ.

"ಪುಣ್ಯಾತ್ಮರು. ನನ್ನ ಕರ್ಕೊಂಡು ಬಂದವರು ಆಗಲೇ ಹಾರಿಹೋದ್ರು. ನೀವೇ ಊರಿಗೆ ಬಿಟ್ಟುಬಿಡಿ."

"ನನ್ನ ಪಂಪು ಇವನ ವಿಮಾನದಲ್ಲಿದೆಯಲ್ಲ…"

"ಹಾಗಾದ್ರೆ ಅದರಲ್ಲೇ ಹೋಗೋಣ. ಸೋರಲ್ಲ ತಾನೆ?"

ಎಲ್ಲರೂ ಒವಿದಿಯೊನ ಮುಖ ನೋಡಿದರು. ಜೀವದ ಪ್ರಶ್ನೆ, ಸುಳ್ಳು ಹೇಳುವಂತಿರಲಿಲ್ಲ. "ಒಂದ್ ಹನೀನೂ ಸೋರಲ್ಲ," ಎಂದ ಪಾಪ.

ಎಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು. ವಿಮಾನ ಏಳುವಾಗ ಕಿಟಕಿಯಲ್ಲಿ ಮೆಲ್ವಿ ಗಂಟು ಬಿಚ್ಚಿ ನಸಾರಿಯೊನ ಕೈಗೆ ರೊಟ್ಟಿ ಕೊಡುತ್ತಿದ್ದದ್ದು ಕಂಡಿತು. ವಿಮಾನ ನಿಂತಿದ್ದ ಜಾಗದಲ್ಲಿ ನೆಲ ಒಣಗುತ್ತ ಬಂದಿತ್ತು.

ಅಸುಂತಾ ಮೆಲ್ಲಗೆ ಹತ್ತಿರ ಬಂದಳು. "ಹೋಗ್ಲಿ ಬಿಡು ಮಗಾ. ಈಗಾದ್ರೂ ಒಂದ್ ಗುಟುಕು ಹಾಕ್ಕೋ."

"ಕೊಡಿ," ಎಂದು ಒವಿದಿಯೊ ಬಾಟಲಿಯನ್ನು ಬಾಯಿಗೆ ಬಗ್ಗಿಸಿದ. ಅದರಿಂದ ಒಂದು ಹನಿಯೂ ಬೀಳಲಿಲ್ಲ.